ಮಾದರಿಯೂ ರಾಶಿಯೂ ಒಂದಾಗಿರಲಿ
(ಗಣಕಯಂತ್ರದ ಹರಾಜಿನಲ್ಲಿ ಕೊಳ್ಳುವವರ ಮತ್ತು ಮಾರುವವರ ವ್ಯಾಜ್ಯ: ಗೃಹಸ್ಥರಿಗೊಂದು ಪಾಠ)

ಮಾರುವವನೊಬ್ಬ, ಕೊಳ್ಳುವವನೊಬ್ಬ, ನಡುವೆ ಒಂದು ವಸ್ತು; ವ್ಯಾಪಾರವೆಂಬುದು ಇಷ್ಟೇ ಎಂದು ಮೇಲ್ನೋಟಕ್ಕೆ ತೋರುವುದು. ಆದರೆ ಈ ಮೂರನ್ನೂ ಕಟ್ಟಿ ನಿಲ್ಲಿಸುವ ನಾಲ್ಕನೆಯದೊಂದುಂಟು. ಅದು ಆಡಿದ ಮಾತು. ವಸ್ತು ಕೆಟ್ಟರೆ ಒಂದು ಸಲದ ನಷ್ಟವಾದೀತು, ಮಾತು ಕೆಟ್ಟರೆ ಮರುಸಲ ಅಂಗಡಿಯ ಕಟ್ಟೆ ಹತ್ತುವ ಮುಖ ಉಳಿಯದು. ಹಿಂದಿನ ಸಂತೆಯಲ್ಲಿ ಕೊಳ್ಳುವವನು ಚೀಲದೊಳಗೆ ಮೊಳಕೈವರೆಗೆ ಕೈಯಿಟ್ಟು ತಳದ ಕಾಳನ್ನು ತೆಗೆದು, ಅಂಗೈಯಲ್ಲಿ ಉಜ್ಜಿ, ಹಲ್ಲಿನಲ್ಲಿ ಕಡಿದು ನೋಡುತ್ತಿದ್ದನು. ಮಾರುವವನು ಎದುರಿಗೇ ಕುಳಿತಿರುತ್ತಿದ್ದನು. ಸಂಶಯ ಹುಟ್ಟಿದೊಡನೆ ಪ್ರಶ್ನೆ ಹುಟ್ಟುತ್ತಿತ್ತು, ಪ್ರಶ್ನೆಯೊಡನೆ ಉತ್ತರವೂ ಬರುತ್ತಿತ್ತು.

ಇಂದಿನ ರೀತಿ ಬೇರೆ. ಬಸವಕಲ್ಯಾಣ, ಹುಮನಾಬಾದ ಸೀಮೆಯ ರೈತನು ಬೆಳೆದ ತೊಗರಿ, ಉದ್ದು, ಹೆಸರು, ಕಡಲೆ, ಸೋಯಾ ಮೊದಲಾದ ಮಾಲನ್ನು ಪೇಟೆಗೆ ಒಯ್ದರೆ, ಬೆಲೆಯನ್ನು ಕೂಗುವ ಬಾಯಿಯಿಲ್ಲ. ಗಣಕಯಂತ್ರದ ಪರದೆಯ ಮೇಲೆ ಅಂಕಿಯಾಗಿ ಬೆಲೆ ಮೂಡುವುದು. ಅದೇ ಮನೆಯ ಮಗನು ಮೊಬೈಲಿನ ಮೂಲಕ ದೂರದ ಊರಿನ ಕಾಣದ ವ್ಯಾಪಾರಿಯಿಂದ ವಸ್ತುವನ್ನು ತರಿಸುವನು. ಹೀಗೆ ಒಂದೇ ಮನೆತನವು ಒಂದು ಕಡೆ ಮಾರುವ ಪಕ್ಷವಾಗಿಯೂ ಇನ್ನೊಂದು ಕಡೆ ಕೊಳ್ಳುವ ಪಕ್ಷವಾಗಿಯೂ ನಿಲ್ಲುತ್ತಿದೆ. ಆದಕಾರಣ ಇಂಥ ವ್ಯವಹಾರದಲ್ಲಿ ಜಗಳ ಎಲ್ಲಿ ಹುಟ್ಟುವುದು, ಅದನ್ನು ಯಾವ ಕ್ಷಣದಲ್ಲಿ ಬಗೆಹರಿಸಬೇಕು, ಎರಡೂ ಪಕ್ಷಗಳ ಕರ್ತವ್ಯವೇನು ಎಂಬುದನ್ನು ಗೃಹಸ್ಥರು ವಿಚಾರಿಸಿ ತಿಳಿಯುವುದು ಅವಶ್ಯ.

ಹರಾಜಿನ ಪೂರ್ವಚರಿತ್ರೆ

ಹರಾಜೆಂದರೆ ಹಲವರು ಕೊಳ್ಳುವವರ ಪೈಕಿ ಹೆಚ್ಚು ಬೆಲೆಗೆ ಒಪ್ಪಿದವನಿಗೆ ಮಾಲನ್ನು ಕೊಡುವ ಕ್ರಮ. ಇದಕ್ಕೆ ನಮ್ಮ ಪೇಟೆಗಳಲ್ಲಿ ಮೂರು ರೂಪಗಳಿದ್ದವು. ಮೊದಲನೆಯದು ಬಹಿರಂಗವಾಗಿ ಕೂಗುವ ಸವಾಲು. ಎರಡನೆಯದು ಬಟ್ಟೆಯ ಮರೆಯಲ್ಲಿ ದಲಾಲನೂ ಖರೀದಿದಾರನೂ ಬೆರಳು ಹಿಡಿದು ಬೆಲೆ ತಿಳಿಸುವ ಗುಪ್ತ ಕ್ರಮ. ಮೂರನೆಯದು ಚೀಟಿಯಲ್ಲಿ ಬೆಲೆ ಬರೆದು ಪೆಟ್ಟಿಗೆಗೆ ಹಾಕುವ ಟೆಂಡರು. ಬಟ್ಟೆಯ ಮರೆಯ ವ್ಯಾಪಾರದಲ್ಲಿ ಬೆರಳುಗಳ ನಡುವೆ ಆದ ಒಪ್ಪಂದವು ಮಾಲಿನ ಒಡೆಯನಾದ ರೈತನಿಗೇ ತಿಳಿಯುತ್ತಿರಲಿಲ್ಲ. ತನ್ನ ವಸ್ತುವಿಗೆ ಬಂದ ಬೆಲೆಯನ್ನು ಅವನು ಪರರ ಬಾಯಿಂದ ಕೇಳಿ ನಂಬಬೇಕಾಗಿತ್ತು.

ಈ ಅನ್ಯಾಯವನ್ನು ತಡೆಯಲು ಕಾನೂನುಗಳು ಹುಟ್ಟಿದವು. ವರ್ಹಾಡ ಪ್ರಾಂತದಲ್ಲಿ ೧೮೯೭ರಲ್ಲಿಯೇ ಹತ್ತಿ ಮತ್ತು ಧಾನ್ಯದ ಪೇಟೆಗಳಿಗೆ ಕಟ್ಟಳೆಯಾಯಿತು. ೧೯೨೮ರಲ್ಲಿ ವರದಿಯಿತ್ತ ರಾಯಲ್ ಕೃಷಿ ಆಯೋಗವು ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಸಲಹೆ ಮಾಡಿತು. ಕಲ್ಯಾಣ, ಹುಮನಾಬಾದಗಳು ೧೯೫೬ರವರೆಗೆ ಸೇರಿದ್ದ ಹೈದರಾಬಾದ್ ಪ್ರಾಂತದಲ್ಲಿಯೂ ಫಸಲಿ ೧೩೩೯ರಲ್ಲಿ, ಅಂದರೆ ಸುಮಾರು ೧೯೩೦ರಲ್ಲಿ, ಕೃಷಿ ಮಾರುಕಟ್ಟೆಯ ಕಾಯಿದೆ ಬಂದಿತು. ಏಕೀಕರಣದ ಬಳಿಕ ರಾಜ್ಯಕ್ಕೆಲ್ಲ ಒಂದೇ ಆಗಿ ೧೯೬೬ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ರಚಿತವಾಯಿತು. ಈ ಎಲ್ಲ ಕಟ್ಟಳೆಗಳ ಒಳತಿರುಳು ಒಂದೇ. ಬೆಲೆಯು ಬಯಲಿಗೆ ಬರಬೇಕು, ತೂಕವು ಎದುರಿಗೆ ಆಗಬೇಕು, ಹಣದ ಲೆಕ್ಕವು ಬರಹದಲ್ಲಿರಬೇಕು.

ಯಂತ್ರವು ಮಾಡಿದ್ದು, ಮಾಡದೆ ಉಳಿದದ್ದು

೨೦೧೪ರಲ್ಲಿ ಕರ್ನಾಟಕ ಸರಕಾರವು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸಂಸ್ಥೆಯೊಡನೆ ಸಮಪಾಲಿನಲ್ಲಿ ‘ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್’ ಎಂಬ ಸಂಸ್ಥೆಯನ್ನು ನಿರ್ಮಿಸಿ, ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ರಾಜ್ಯದ ೧೫೫ ಮುಖ್ಯ ಮಾರುಕಟ್ಟೆಗಳ ಪೈಕಿ ೫೧ ಆರಂಭದ ಘಟ್ಟದಲ್ಲಿಯೇ ಈ ವೇದಿಕೆಗೆ ಸೇರಿದವೆಂದು ಕೇಂದ್ರದ ೨೦೧೪-೧೫ರ ಆರ್ಥಿಕ ಸಮೀಕ್ಷೆಯಲ್ಲಿ ದಾಖಲಾಗಿದೆ. ಮುಂದೆ ೨೦೧೬ರ ಏಪ್ರಿಲ್ ೧೪ರಂದು ಕೇಂದ್ರ ಸರಕಾರವು ೮ ರಾಜ್ಯಗಳ ೨೧ ಮಾರುಕಟ್ಟೆಗಳಲ್ಲಿ ಇ-ನಾಮ್ ಎಂಬ ರಾಷ್ಟ್ರೀಯ ವೇದಿಕೆಗೆ ಚಾಲನೆಯಿತ್ತಿತು. ೨೦೨೦ರ ವೇಳೆಗೆ ಅದರಲ್ಲಿ ಸೇರಿದ ಮಾರುಕಟ್ಟೆಗಳು ಸಾವಿರವನ್ನು ಮುಟ್ಟಿದವು.

ಇದು ನಡೆಯುವ ಬಗೆ ಹೀಗಿದೆ. ರೈತನ ಮಾಲು ಪ್ರಾಂಗಣದ ಬಾಗಿಲಲ್ಲಿ ದಾಖಲಾಗಿ ಅದಕ್ಕೊಂದು ಲಾಟು ಸಂಖ್ಯೆ ದೊರೆಯುವುದು. ಮಾಲನ್ನು ಅಡತಿ ಅಂಗಡಿಯ ಮುಂದೆ ಇಳಿಸುವರು. ಖರೀದಿದಾರರು ಬಂದು ರಾಶಿಯನ್ನು ನೋಡಿ, ತಮಗೆ ಸರಿತೋರಿದ ಬೆಲೆಯನ್ನು ಗಣಕಯಂತ್ರದಲ್ಲಿ ನಮೂದಿಸುವರು. ಒಬ್ಬನು ಹಾಕಿದ ಬೆಲೆಯು ಇನ್ನೊಬ್ಬನಿಗೆ ಕಾಣದು. ಗೊತ್ತಾದ ವೇಳೆ ಮುಗಿದ ಬಳಿಕ ಪ್ರತಿಯೊಂದು ಲಾಟಿಗೂ ಹೆಚ್ಚಿನ ಬೆಲೆ ಯಾವುದೆಂದು ಪ್ರಕಟವಾಗುವುದು. ಆ ಬೆಲೆ ಮನಸ್ಸಿಗೆ ಬಾರದಿದ್ದರೆ ಮಾಲನ್ನು ಕೊಡೆನೆನ್ನುವ ಅಧಿಕಾರವು ರೈತನಿಗಿದೆ. ಒಪ್ಪಿದರೆ ತೂಕ, ತೂಕದ ಮೇಲೆ ಲೆಕ್ಕಪಟ್ಟಿ, ಲೆಕ್ಕಪಟ್ಟಿಯ ಮೇಲೆ ಹಣ.

ಬಟ್ಟೆಯ ಮರೆಯ ಬೆರಳಿಗಿಂತ ಇದು ಎಷ್ಟೋ ಮೇಲೆಂಬುದರಲ್ಲಿ ಸಂಶಯವಿಲ್ಲ. ಬೆಲೆಯು ಬರಹದಲ್ಲಿ ಉಳಿಯುವುದು, ಯಾರು ಎಷ್ಟು ಹೇಳಿದರೆಂಬುದಕ್ಕೆ ಸಾಕ್ಷಿ ಇರುವುದು. ಆದರೆ ಯಂತ್ರವು ಬೆಲೆಯನ್ನು ಕಾಣುವುದೇ ಹೊರತು ಕಾಳನ್ನು ಕಾಣದು. ರಾಶಿಯ ತಳದಲ್ಲಿ ಏನಿದೆ, ಬೆಲೆ ಹಾಕಿದವನ ಮನಸ್ಸಿನಲ್ಲಿ ಏನಿದೆ ಎಂಬ ಎರಡೂ ಅದಕ್ಕೆ ಅಗೋಚರ. ವ್ಯಾಜ್ಯಗಳು ಹುಟ್ಟುವುದು ಈ ಎರಡು ಕತ್ತಲೆಯ ಸ್ಥಾನಗಳಲ್ಲಿಯೇ.

ಒಂದನೆಯ ಮೂಲ: ಮಾದರಿ ಮತ್ತು ರಾಶಿ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ರೈತನೊಬ್ಬನು ೨೦ ಕ್ವಿಂಟಲ್ ತೊಗರಿಯನ್ನು ಪೇಟೆಗೆ ತಂದಿರುವನು. ಖರೀದಿದಾರನು ಮುಂಜಾನೆ ಮೇಲಿನ ಚೀಲಗಳಿಂದ ಹಿಡಿ ಕಾಳನ್ನು ತೆಗೆದು ನೋಡಿ, ಕ್ವಿಂಟಲಿಗೆ ೭,೦೦೦ ರೂಪಾಯಿ ಹಾಕಿರುವನು. ಬೆಲೆ ಗೆದ್ದಿತು, ರೈತನು ಒಪ್ಪಿದನು. ಮಧ್ಯಾಹ್ನ ಹಮಾಲರು ತೂಕಕ್ಕೆಂದು ಚೀಲ ಸುರಿವಾಗ ತಳದ ಕಾಳು ಹಸಿಯಾಗಿರುವುದು ಕಂಡಿತು. ಆಗ ಮಾತು ಹೀಗೆ ನಡೆಯುವುದು:

“ಪಾಟೀಲ್ರೇ, ಮ್ಯಾಗಿನ ಮಾಲು ಒಂದ್ ಅದ, ತಳದ್ದು ಒಂದ್ ಅದ. ಕ್ವಿಂಟಲಿಗೆ ಐನೂರು ಕಡೀಬೇಕ್ರಿ.”

“ಸಾವುಕಾರ್ರೇ, ಒಂದೇ ಹೊಲದ ಕಾಳು ಎರಡು ಹ್ಯಾಂಗ ಆಗ್ತದ್ರಿ? ಮುಂಜಾನಿ ನೀವೇ ನೋಡಿ ರೇಟ್ ಹಾಕೀರಿ. ಈಗ ಕಡೀತೀನಿ ಅಂದ್ರ ಹ್ಯಾಂಗ್ರಿ?”

ಇಬ್ಬರ ಮಾತಿನಲ್ಲಿಯೂ ಸತ್ಯದ ಒಂದೊಂದು ಭಾಗವಿದೆ. ಹೊಲ ಒಂದೇ ಆದರೂ ಕಡೆಯ ದಿನ ಒಕ್ಕಿದ ಕಾಳಿನ ಮೇಲೆ ಮಳೆ ಹನಿದಿರಬಹುದು. ಅದನ್ನು ರೈತನು ಬೇರೆಯಾಗಿ ಒಣಗಿಸದೆ ಒಂದೇ ರಾಶಿಗೆ ಸೇರಿಸಿರಬಹುದು. ಇತ್ತ ಖರೀದಿದಾರನು ಅವಸರದಲ್ಲಿ ನಾಲ್ಕು ಚೀಲ ನೋಡಿ ಇಪ್ಪತ್ತಕ್ಕೂ ಬೆಲೆ ಕಟ್ಟಿದನು. ಒಬ್ಬನು ಹೇಳಬೇಕಾದುದನ್ನು ಹೇಳಲಿಲ್ಲ, ಇನ್ನೊಬ್ಬನು ನೋಡಬೇಕಾದುದನ್ನು ನೋಡಲಿಲ್ಲ.

೧೯೩೦ರ ಸರಕು ಮಾರಾಟ ಕಾಯಿದೆಯು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಾದರಿಯನ್ನು ತೋರಿಸಿ ಮಾರಿದ ಮೇಲೆ ರಾಶಿಯು ಮಾದರಿಯ ಗುಣಕ್ಕೆ ಸರಿಹೊಂದಬೇಕು. ಇದು ಮಾರುವವನ ಹೊಣೆ. ರಾಶಿಯನ್ನು ಮಾದರಿಯೊಡನೆ ಹೋಲಿಸಿ ನೋಡಲು ಕೊಳ್ಳುವವನಿಗೆ ತಕ್ಕಷ್ಟು ಅವಕಾಶ ಸಿಗಬೇಕು. ಇದು ಅವನ ಹಕ್ಕು. ಆದರೆ ಮಾಲನ್ನು ಒಪ್ಪಿಕೊಂಡು ತನ್ನದಾಗಿಸಿಕೊಂಡ ಮೇಲೆ ಆಕ್ಷೇಪಣೆಯ ಬಲ ಕುಗ್ಗುವುದು.

ಹೀಗಿರಲು ಮೇಲಿನ ಜಗಳಕ್ಕೆ ನ್ಯಾಯವೇನು? ಬಾಯಿಯ ಬಲದಿಂದ ತೀರ್ಮಾನವಾಗಲಾರದು, ಅಳತೆಯಿಂದ ಆಗಬೇಕು. ಬೆಂಬಲ ಬೆಲೆಯ ಖರೀದಿಯಲ್ಲಿ ತೊಗರಿಯ ತೇವಾಂಶವು ನೂರಕ್ಕೆ ೧೨ನ್ನು ಮೀರಬಾರದೆಂಬ ನಿಯಮವಿದೆ, ಅದನ್ನೇ ಪ್ರಮಾಣವಾಗಿಟ್ಟುಕೊಳ್ಳಬಹುದು. ತೇವಾಂಶ ಅಳೆಯುವ ಯಂತ್ರವಿಟ್ಟು ನೋಡಲಾಗಿ, ಮೇಲಿನ ೧೦ ಕ್ವಿಂಟಲ್ ೧೨ರಲ್ಲಿಯೂ ತಳದ ೧೦ ಕ್ವಿಂಟಲ್ ೧೫ರಲ್ಲಿಯೂ ಇದೆಯೆಂದು ಭಾವಿಸಿರಿ. ೧೫ರ ತೇವವುಳ್ಳ ೧೦೦ ಕಿಲೋ ಕಾಳಿನಲ್ಲಿ ನೀರನ್ನು ಕಳೆದ ಭಾಗ ೮೫ ಕಿಲೋ. ಅದೇ ಕಾಳು ೧೨ಕ್ಕೆ ಒಣಗಿದಾಗ ಒಟ್ಟು ತೂಕ ಸುಮಾರು ೯೬ ಕಿಲೋ ೬೦೦ ಗ್ರಾಂ ಉಳಿಯುವುದು. ಅಂದರೆ ಕ್ವಿಂಟಲಿಗೆ ಸುಮಾರು ೩ ಕಿಲೋ ೪೦೦ ಗ್ರಾಂ ನೀರು. ೭,೦೦೦ದ ದರದಲ್ಲಿ ಸುಮಾರು ೨೪೦ ರೂಪಾಯಿ. ಹಸಿಯಾದ ೧೦ ಕ್ವಿಂಟಲಿಗೆ ಮಾತ್ರ ಇದು ಅನ್ವಯಿಸುವುದರಿಂದ ಒಟ್ಟು ಕಡಿತ ೨,೪೦೦ ರೂಪಾಯಿಯ ಆಸುಪಾಸು; ಒಣಗಿಸುವ ಕೂಲಿಯನ್ನು ಬೇಕಾದರೆ ಇದಕ್ಕೆ ಸೇರಿಸಬಹುದು. ಖರೀದಿದಾರನು ಕೇಳಿದುದು ಎಲ್ಲ ೨೦ ಕ್ವಿಂಟಲಿಗೂ ಐನೂರರಂತೆ ೧೦,೦೦೦. ರೈತನು ಕೊಡಲೊಪ್ಪಿದುದು ಏನೂ ಇಲ್ಲ. ಇಬ್ಬರೂ ನ್ಯಾಯದಿಂದ ದೂರವಿದ್ದರೆಂಬುದನ್ನು ಒಂದು ಅಳತೆಯೂ ನಾಲ್ಕು ಸಾಲಿನ ಲೆಕ್ಕವೂ ತೋರಿಸಿಕೊಟ್ಟವು.

ಇದರಿಂದ ಸಿದ್ಧವಾಗುವ ವಿಧಿ ಇಷ್ಟು. ರೈತನು ಹಸಿಯದನ್ನೂ ಒಣಗಿದುದನ್ನೂ, ಹಳೆಯದನ್ನೂ ಹೊಸದನ್ನೂ ಬೇರೆ ಬೇರೆ ಲಾಟುಗಳಾಗಿ ಮಾಡಿಸಬೇಕು. ಮಾಲಿನ ಕುಂದನ್ನು ಕೇಳುವ ಮೊದಲೇ ಹೇಳಬೇಕು. ಖರೀದಿದಾರನು ಬೆಲೆ ಹಾಕುವ ಮೊದಲೇ ತಳದವರೆಗೆ ನೋಡಬೇಕು. ನೋಡದೆ ಹೆಚ್ಚು ಬೆಲೆ ಹಾಕಿ ಲಾಟನ್ನು ಹಿಡಿದು, ಬಳಿಕ ತೂಕದ ಹೊತ್ತಿನಲ್ಲಿ ಕುಂದು ತೆಗೆದು ಬೆಲೆ ಇಳಿಸುವುದು ವ್ಯಾಪಾರದ ಜಾಣತನವಲ್ಲ, ಅಡವಿಯ ಬೇಟೆಯ ಕ್ರಮ. ರಾತ್ರಿಯೆಲ್ಲ ಎಚ್ಚರವಿದ್ದು ಬಾಡಿಗೆಯ ಗಾಡಿಯಲ್ಲಿ ಮಾಲು ತಂದವನು ಸಂಜೆಯ ಹೊತ್ತಿಗೆ ಅದನ್ನು ಮರಳಿ ಒಯ್ಯಲಾರನೆಂಬುದು ಎಲ್ಲರಿಗೂ ಗೊತ್ತು. ಆ ಅಸಹಾಯತೆಯನ್ನು ಬೆಲೆಯಾಗಿ ಮಾರ್ಪಡಿಸಿಕೊಳ್ಳುವುದು ಪಾಪವೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಎರಡನೆಯ ಮೂಲ: ಹಾಕಿದ ಬೆಲೆ ಮತ್ತು ಹೆಚ್ಚಾದ ಸೊನ್ನೆ

ಕಾನೂನಿನ ದೃಷ್ಟಿಯಲ್ಲಿ ಹರಾಜು ಮುಗಿಯಿತೆಂದು ಸಾರುವವರೆಗೆ, ಹಿಂದಿನ ಕಾಲದ ಮಾತಿನಲ್ಲಿ ಸುತ್ತಿಗೆ ಬೀಳುವವರೆಗೆ, ಸವಾಲು ಮಾಡಿದವನು ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಮುಗಿದ ಮೇಲೆ ಮಾತು ಬದ್ಧ. ಗಣಕಯಂತ್ರದಲ್ಲಿ ಆದ ಒಪ್ಪಂದವು ಕಾಗದದ ಮೇಲಿಲ್ಲವೆಂಬ ಒಂದೇ ಕಾರಣಕ್ಕೆ ದುರ್ಬಲವಾಗದೆಂದು, ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ೨೦೦೮ರಲ್ಲಿ ಮಾಡಿದ ತಿದ್ದುಪಡಿಯು ಸಾರಿದೆ. ಆದಕಾರಣ ಬೆರಳಿನಿಂದ ಒತ್ತಿದ ಅಂಕಿಯೂ ಬಾಯಿಂದ ಆಡಿದ ಮಾತಿನಷ್ಟೇ ಭಾರವುಳ್ಳದ್ದು.

ಆದರೆ ಬೆರಳು ತಪ್ಪುವುದುಂಟು. ೭,೦೦೦ ಎಂದು ಒತ್ತಬೇಕಾದಲ್ಲಿ ಅವಸರಕ್ಕೆ ಒಂದು ಸೊನ್ನೆ ಹೆಚ್ಚಾಗಿ ೭೦,೦೦೦ ಆದರೆ, ಆ ದಿನ ಪೇಟೆಯಲ್ಲಿ ಯಾವ ಲಾಟಿಗೂ ಬಾರದ ಬೆಲೆಯು ಒಬ್ಬ ರೈತನ ಹೆಸರಿಗೆ ಬಂದು ಕೂಡುವುದು. ಅದು ತಪ್ಪೆಂದು ರೈತನಿಗೂ ಗೊತ್ತು, ದಲಾಲನಿಗೂ ಗೊತ್ತು. ಅಂಥ ಸಮಯದಲ್ಲಿ “ಯಂತ್ರದಲ್ಲಿ ಬಂದದ್ದೇ ಬಂದದ್ದು” ಎಂದು ಹಟ ಹಿಡಿಯುವುದು ತರವೇ?

ಇಲ್ಲಿ ನುಲಿಯ ಚಂದಯ್ಯನವರ ಕಥೆಯು ಸ್ಮರಣೀಯ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮದಾಸೋಹವನ್ನು ನಡೆಸುತ್ತಿದ್ದ ಆ ಶರಣನ ಹೆಸರಿನ ಗವಿಯು ಬಸವಕಲ್ಯಾಣದಲ್ಲಿ ಇಂದಿಗೂ ಇದೆ. ಚಂದಯ್ಯನವರ ಹಗ್ಗವನ್ನು ಮಾರಲು ಲಿಂಗವೇ ಹೋದಾಗ, ಬಸವಣ್ಣನವರು ಭಕ್ತಿಯಿಂದ ಅದರ ಯೋಗ್ಯತೆಗೆ ಮೀರಿದ ಹೊನ್ನನ್ನು ಕೊಟ್ಟರೆಂದೂ, ಚಂದಯ್ಯನವರು ಅದನ್ನು ಒಪ್ಪದೆ ಹಗ್ಗಕ್ಕೆ ಸಲ್ಲುವ ಬೆಲೆಯೇ ತನಗೆ ಸಲ್ಲುವುದೆಂದು ನಿಂತರೆಂದೂ ಶರಣರ ಕಥಾಪರಂಪರೆಯು ಹೇಳುವುದು. ಈ ವ್ಯಾಜ್ಯದ ವೈಚಿತ್ರ್ಯವನ್ನು ಗಮನಿಸಬೇಕು. ಕೊಳ್ಳುವವನು ಹೆಚ್ಚು ಕೊಡುತ್ತಾನೆ, ಮಾರುವವನು ಬೇಡವೆನ್ನುತ್ತಾನೆ. ಕೊಟ್ಟವರು ಮಂತ್ರಿಗಳು, ಭಕ್ತಿಯಿಂದ ಕೊಟ್ಟರು, ಬಲವಂತವಿಲ್ಲ, ಮೋಸವಿಲ್ಲ. ಆದರೂ ಕಾಯಕದ ಫಲವು ಕಾಯಕದ ಅಳತೆಯನ್ನು ಮೀರಿದರೆ ಅದು ಕಾಯಕದ ಫಲವಾಗಿ ಉಳಿಯದೆಂಬ ಎಚ್ಚರವು ಆ ಶರಣನಲ್ಲಿತ್ತು.

ಮನಃಪೂರ್ವಕವಾಗಿ ಕೊಟ್ಟ ಹೆಚ್ಚಿನ ಬೆಲೆಯೇ ಸಲ್ಲದೆಂದ ಮೇಲೆ, ಬೆರಳು ತಪ್ಪಿ ಬಿದ್ದ ಸೊನ್ನೆಯ ಬೆಲೆಯು ಸಲ್ಲುವುದೆಂತು? ಅದೇ ರೀತಿಯಲ್ಲಿ ಇದರ ಮಗ್ಗುಲನ್ನೂ ಕಾಣಬೇಕು. ಬೆಲೆ ಹಾಕಿದ ಸಂಜೆಗೆ ದೂರದ ಪೇಟೆಯಲ್ಲಿ ದರ ಇಳಿಯಿತೆಂಬ ಸುದ್ದಿ ಬಂದರೆ, “ಅಂಕಿ ತಪ್ಪಿ ಬಿದ್ದಿತ್ತು” ಎಂದು ನೆವ ಹೂಡುವ ಖರೀದಿದಾರನೂ ಉಂಟು. ತಪ್ಪಾದ ಸೊನ್ನೆಯನ್ನು ಗುರುತಿಸಲು ಸುಲಭ ಮಾರ್ಗವಿದೆ: ಆ ದಿನ ಅದೇ ಗುಣದ ಮಾಲಿಗೆ ಉಳಿದವರು ಹಾಕಿದ ಬೆಲೆಯೊಡನೆ ಹೋಲಿಸುವುದು. ಹತ್ತು ಪಟ್ಟು ಹೆಚ್ಚಾದುದು ತಪ್ಪು. ಇನ್ನೂರು ರೂಪಾಯಿ ಹೆಚ್ಚಾದುದು ವ್ಯಾಪಾರ. ಮೊದಲನೆಯದನ್ನು ರೈತನು ಬಿಟ್ಟುಕೊಡಬೇಕು. ಎರಡನೆಯದನ್ನು ಖರೀದಿದಾರನು ನಡೆಸಿಕೊಡಬೇಕು.

ಮೂರನೆಯ ಮೂಲ: ಒಳಸಂಚು

ಹರಾಜಿನ ಜೀವವು ಪೈಪೋಟಿಯಲ್ಲಿದೆ. ಐದು ಮಂದಿ ಖರೀದಿದಾರರು ಮೊದಲೇ ಮಾತಾಡಿಕೊಂಡು, “ಈ ಲಾಟು ನಿನಗೆ, ಆ ಲಾಟು ನನಗೆ” ಎಂದು ಹಂಚಿಕೊಂಡರೆ ಪರದೆಯ ಮೇಲೆ ಹರಾಜಿನ ವೇಷ ಉಳಿಯುವುದು, ಜೀವ ಹೋಗುವುದು. ಇದರ ತಿರುವು ಮೋಸವೂ ಉಂಟು. ಮಾರುವವನು ತನ್ನವನೊಬ್ಬನನ್ನು ಕೊಳ್ಳುವವನ ವೇಷದಲ್ಲಿ ನಿಲ್ಲಿಸಿ ಬೆಲೆ ಏರಿಸುವನು. ಮಾರುವವನ ಕಡೆಯಿಂದ ಸವಾಲು ಇದೆಯೆಂದು ಮುಂಚೆಯೇ ತಿಳಿಸದೆ ಹೀಗೆ ಮಾಡಿದರೆ, ಕೊಂಡವನು ಅದನ್ನು ವಂಚನೆಯೆಂದು ಎಣಿಸಬಹುದೆಂದೂ, ಸುಳ್ಳು ಸವಾಲಿನಿಂದ ಬೆಲೆ ಏರಿಸಿದ ಮಾರಾಟವನ್ನು ಅವನು ರದ್ದುಗೊಳಿಸಬಹುದೆಂದೂ ೧೯೩೦ರ ಕಾಯಿದೆಯಲ್ಲಿಯೇ ಹೇಳಿದೆ.

ಕಾಣದ ಒಳಸಂಚಿಗೆ ರೈತನ ಕೈಯಲ್ಲಿರುವ ಮದ್ದು ತಿಳಿವಳಿಕೆ. ಬಸವಕಲ್ಯಾಣದ ದರವೆಷ್ಟು, ಹುಮನಾಬಾದದ ದರವೆಷ್ಟು, ಬೀದರ ಮತ್ತು ಕಲಬುರಗಿಗಳಲ್ಲಿ ಎಷ್ಟು ಎಂಬುದನ್ನು ಮಾಲು ಹೇರುವ ಮುನ್ನ ವಿಚಾರಿಸಿಕೊಂಡವನಿಗೆ ಬೆಲೆಯನ್ನು ತಿರಸ್ಕರಿಸುವ ಧೈರ್ಯ ಬರುವುದು. ತಿರಸ್ಕರಿಸುವ ಅಧಿಕಾರವು ಕಾಗದದ ಮೇಲಿದ್ದರೆ ಸಾಲದು; ಅದನ್ನು ಬಳಸುವ ಅರಿವೂ ಬೇಕು.

ನಾಲ್ಕನೆಯ ಮೂಲ: ತೂಕ ಮತ್ತು ಹಣ

ಬೆಲೆಯು ಪರದೆಯ ಮೇಲೆ ನ್ಯಾಯವಾಗಿ ಕಂಡರೂ ತಕ್ಕಡಿಯ ಬಳಿ ಅದು ಕರಗುವುದುಂಟು. ಚೀಲಕ್ಕಿಷ್ಟು ಎಂದು ‘ಸೂಟು’ ಕಡಿಯುವುದು, ಮಾದರಿಯೆಂದು ಹಿಡಿಹಿಡಿಯಾಗಿ ತೆಗೆದು ಮರಳಿಸದಿರುವುದು, ರೈತನ ಹಣದಲ್ಲಿ ದಲಾಲಿ ಮುರಿಯುವುದು, ಲೆಕ್ಕವನ್ನು ಅಧಿಕೃತ ಪಟ್ಟಿಯಲ್ಲಿ ಬರೆಯದೆ ಬಿಳಿ ಚೀಟಿಯಲ್ಲಿ ಬರೆಯುವುದು, ಇವೆಲ್ಲ ಹಳೆಯ ರೋಗಗಳು. ಕರ್ನಾಟಕದ ಮಾರುಕಟ್ಟೆ ನಿಯಮದಂತೆ ದಲಾಲಿಯನ್ನು ಖರೀದಿದಾರನಿಂದ ಪಡೆಯಬೇಕೇ ಹೊರತು ರೈತನ ಹಣದಿಂದ ಕಡಿಯುವಂತಿಲ್ಲ. ಬಿಳಿ ಚೀಟಿಯನ್ನು ಕೈಗೆ ತೆಗೆದುಕೊಂಡವನು ತನ್ನ ಸಾಕ್ಷಿಯನ್ನು ತಾನೇ ಕಳೆದುಕೊಂಡಂತೆ. ಮುಂದೆ ವ್ಯಾಜ್ಯ ಬಂದಾಗ ಆ ಚೀಟಿಯಲ್ಲಿ ಲಾಟು ಸಂಖ್ಯೆಯಿಲ್ಲ, ಅಂಗಡಿಯ ಹೆಸರಿಲ್ಲ, ರುಜುವಿಲ್ಲ.

ಎಷ್ಟೋ ರೈತರು ಇದನ್ನು ತಿಳಿದೂ ಸುಮ್ಮನಿರುವರು. ಕಾರಣವೇನೆಂದರೆ, ಬಿತ್ತನೆಯ ವೇಳೆಗೆ ಬೀಜಕ್ಕೂ ಗೊಬ್ಬರಕ್ಕೂ ಮುಂಗಡ ಕೊಟ್ಟವನು ಅದೇ ಅಡತಿಯವನು. ಸಾಲದ ಹಂಗಿನಲ್ಲಿರುವವನ ಬಾಯಿಗೆ ಪ್ರಶ್ನೆ ಬಾರದು. ಇಲ್ಲಿ ಅಡತಿ ನಡೆಸುವ ಭಕ್ತರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಮಾತೊಂದಿದೆ: ಸಾಲ ಕೊಟ್ಟದ್ದಕ್ಕೆ ಬಡ್ಡಿ ಬಂದಾಯಿತು, ಅವನ ಮೌನಕ್ಕೂ ಬಡ್ಡಿ ತೆಗೆಯುವುದು ನ್ಯಾಯವೇ?

ವ್ಯಾಜ್ಯವನ್ನು ಎಲ್ಲಿಗೆ, ಯಾವಾಗ ಒಯ್ಯಬೇಕು

ಮಾಲಿನ ಗುಣ, ತೂಕ, ಹಣದ ಸಂದಾಯ ಇವುಗಳ ಬಗ್ಗೆ ಮಾರುವವನಿಗೂ ಕೊಳ್ಳುವವನಿಗೂ ವ್ಯಾಜ್ಯ ಬಂದರೆ ಅದರ ಪರಿಹಾರಕ್ಕೆ ಏರ್ಪಾಟು ಮಾಡುವುದು ೧೯೬೬ರ ಕಾಯಿದೆಯಂತೆ ಮಾರುಕಟ್ಟೆ ಸಮಿತಿಯ ಕರ್ತವ್ಯಗಳಲ್ಲಿ ಒಂದು. ಅದು ಸಮಿತಿಯು ಮಾಡುವ ಉಪಕಾರವಲ್ಲ. ಆದರೆ ಕಾಲವನ್ನು ತಪ್ಪಿಸಬಾರದು. ಗುಣದ ವ್ಯಾಜ್ಯವನ್ನು ತೂಕಕ್ಕೆ ಮುಂಚೆ, ತೂಕದ ವ್ಯಾಜ್ಯವನ್ನು ಚೀಲ ಅಲ್ಲಿಂದ ಕದಲುವ ಮುಂಚೆ ಎತ್ತಬೇಕು. ಈ ರೈತನ ಕಾಳು ಆ ರೈತನ ಕಾಳಿನೊಡನೆ ಗೋದಾಮಿನಲ್ಲಿ ಬೆರೆತ ಮೇಲೆ ಸತ್ಯವನ್ನು ಬೇರ್ಪಡಿಸಲು ಯಾವ ನ್ಯಾಯಾಧೀಶನಿಗೂ ಸಾಧ್ಯವಿಲ್ಲ. ಜಗಳ ಬಂದ ಲಾಟನ್ನು ಬೇರೆಯಾಗಿ ಇಡಿಸಿ, ಇಬ್ಬರ ಎದುರಿನಲ್ಲಿ ಮಾದರಿ ತೆಗೆಸಿ ಮುದ್ರೆ ಹಾಕಿಸಿ, ಲಾಟು ಸಂಖ್ಯೆಯೊಡನೆ ಸಮಿತಿಯ ಕಾರ್ಯದರ್ಶಿಗೆ ಲಿಖಿತವಾಗಿ ಅರಿಕೆ ಮಾಡುವುದೇ ಸರಿಯಾದ ದಾರಿ.

ಕೇಳುವ ಕಿವಿ ಸಿಕ್ಕದಿದ್ದರೆ ಆಗುವ ಅನರ್ಥಕ್ಕೆ ೨೦೨೪ರ ಮಾರ್ಚ್ ೧೧ರಂದು ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ನಡೆದುದೇ ಸಾಕ್ಷಿ. ಮೆಣಸಿನಕಾಯಿಯ ದರ ಒಮ್ಮೆಲೇ ಕುಸಿಯಿತೆಂದು ಕೆರಳಿದ ರೈತರು ಮಾರುಕಟ್ಟೆಯ ಕಚೇರಿಗೆ ನುಗ್ಗಿದರು; ವಾಹನಗಳು ಬೆಂಕಿಗೆ ಆಹುತಿಯಾದವು. ಬೆಂಕಿಯಿಂದ ಒಂದು ಚೀಲಕ್ಕೂ ಬೆಲೆ ಏರಲಿಲ್ಲ. ಆದರೆ ಬೆಂಕಿಯಿಟ್ಟವರನ್ನು ಹಳಿದು ಮುಗಿಸಿದರೆ ಪಾಠ ಅರ್ಧವಾದೀತು. ನಿನ್ನೆಯ ದರಕ್ಕೂ ಇಂದಿನ ದರಕ್ಕೂ ಇಷ್ಟು ಅಂತರವೇಕೆಂದು ಕೇಳಿದವನಿಗೆ, ಪರದೆಯ ಅಂಕಿಯನ್ನು ಮಾತ್ರ ತೋರಿಸಿದರೆ ಅದು ಉತ್ತರವಾಗದು. ಕಾರಣವನ್ನು ಮನುಷ್ಯನೇ ಮನುಷ್ಯನಿಗೆ ಹೇಳಬೇಕು. ಬೆಲೆ ಇಳಿದುದನ್ನು ರೈತನು ಸಹಿಸಿಯಾನು. ತನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದನ್ನು ಸಹಿಸಲಾರನು.

ಮನೆಯಿಂದಲೇ ಕೊಳ್ಳುವವರಿಗೆ

ಮೊಬೈಲಿನ ಮೂಲಕ ವಸ್ತು ಕೊಳ್ಳುವ ಮನೆಯವರ ವಿಷಯದಲ್ಲಿಯೂ ತತ್ತ್ವವು ಇದೇ. ಗಣಕಯಂತ್ರದ ಹರಾಜು ಜಗತ್ತಿನಲ್ಲಿ ಜನಪ್ರಿಯವಾದುದು ೧೯೯೫ರಲ್ಲಿ ಅಮೆರಿಕದಲ್ಲಿ ಆರಂಭವಾದ ಈಬೇ ಸಂಸ್ಥೆಯಿಂದ. ಮುಖ ಕಾಣದ ಇಬ್ಬರ ನಡುವೆ ನಂಬಿಕೆ ಹುಟ್ಟಿಸಲು ಅದರ ಸ್ಥಾಪಕರಾದ ಪಿಯರ್ ಒಮಿಡ್ಯಾರ್ ಅವರು ೧೯೯೬ರಲ್ಲಿ ಒಂದು ಉಪಾಯ ಹೂಡಿದರು. ವ್ಯವಹಾರ ಮುಗಿದ ಮೇಲೆ ಒಬ್ಬರ ಬಗ್ಗೆ ಒಬ್ಬರು ಎಲ್ಲರಿಗೂ ಕಾಣುವಂತೆ ಅಭಿಪ್ರಾಯ ಬರೆಯುವ ಏರ್ಪಾಟು ಅದು. ನಮ್ಮ ಪೇಟೆಯಲ್ಲಿ ಮನೆತನದ ಹೆಸರು ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಆ ಬರಹ ಮಾಡಿತು. ಅದೂ ಸಾಲದೆ ಜಗಳಗಳು ಬಂದಾಗ, ೧೯೯೯ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ವಾಂಸರು ಅಲ್ಲಿನ ಇನ್ನೂರಕ್ಕೂ ಮಿಕ್ಕ ವ್ಯಾಜ್ಯಗಳಲ್ಲಿ ಪತ್ರಮುಖೇನವೇ ಮಧ್ಯಸ್ಥಿಕೆಯ ಪ್ರಯೋಗ ನಡೆಸಿದರು. ಭಾರತದಲ್ಲಿ ೨೦೦೦ದಲ್ಲಿ ಹುಟ್ಟಿದ ಬಾಜೀ ಎಂಬ ಹರಾಜು ಸಂಸ್ಥೆಯನ್ನು ೨೦೦೪ರಲ್ಲಿ ಈಬೇ ಕೊಂಡುಕೊಂಡಿತು. ಆ ಭಾರತೀಯ ಶಾಖೆಯು ೨೦೧೮ರಲ್ಲಿ ಮುಚ್ಚಿತು. ಸಂಸ್ಥೆಗಳು ಬಂದು ಹೋದವು. ಕಾಣದವನೊಡನೆ ಕೊಳ್ಳುವ ರೂಢಿ ಉಳಿದು ಬೆಳೆಯಿತು.

ಮನೆಬಳಕೆಗೆ ಕೊಳ್ಳುವವರಿಗೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಸರೆಯಿದೆ. ೨೦೨೦ರ ನಿಯಮಗಳಂತೆ, ಇಂಥ ವ್ಯಾಪಾರ ನಡೆಸುವ ಸಂಸ್ಥೆಯ ದೂರು ಅಧಿಕಾರಿಯು ದೂರು ಬಂದುದನ್ನು ೪೮ ಗಂಟೆಗಳೊಳಗೆ ಒಪ್ಪಿಕೊಂಡು ಒಂದು ತಿಂಗಳೊಳಗೆ ಪರಿಹರಿಸಬೇಕು. ಅದಾಗದಿದ್ದರೆ ೧೯೧೫ ಎಂಬ ಸಂಖ್ಯೆಗೆ ಕರೆಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. ಕಾರಣ ಉಂಟಾದ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಮಾರಿದವನು ದೂರದ ಊರಿನವನಾದರೂ ಕೊಂಡವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದೆಂಬುದು ಈ ಕಾಯಿದೆಯ ದೊಡ್ಡ ಅನುಕೂಲ. ವಸ್ತುವಿಗೆ ಕೊಟ್ಟ ಹಣ ೫ ಲಕ್ಷವನ್ನು ಮೀರದಿದ್ದರೆ ಶುಲ್ಕವೂ ಇಲ್ಲ. ಹಣವೇ ಮೋಸದಿಂದ ಹೋದರೆ ತಡಮಾಡದೆ ೧೯೩೦ಕ್ಕೆ ಕರೆಮಾಡಬೇಕು.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಮರುಮಾರಾಟಕ್ಕಾಗಿ ಕೊಂಡ ವ್ಯಾಪಾರಿಯು ಈ ಕಾಯಿದೆಯ ಅರ್ಥದಲ್ಲಿ ಗ್ರಾಹಕನಲ್ಲ. ವ್ಯಾಪಾರವನ್ನೇ ವೃತ್ತಿಯಾಗಿ ಮಾಡದೆ ತನ್ನ ಮನೆಯ ಹಳೆಯ ವಸ್ತುವನ್ನು ಮಾರುವ ಸಾಮಾನ್ಯ ವ್ಯಕ್ತಿಗೆ ೨೦೨೦ರ ನಿಯಮಗಳು ಅನ್ವಯಿಸವು. ಅಂಥವನಿಂದ ಕೊಳ್ಳುವಾಗ ವಸ್ತುವನ್ನು ಕಣ್ಣಾರೆ ನೋಡಿ ಹಣ ಕೊಡುವುದೇ ಲೇಸು. ಹಾಗೆಯೇ ಮನೆಯ ಹಳೆಯ ವಸ್ತುವನ್ನು ತಾವೇ ಮಾರುವವರು ಅದರ ಒಡಕನ್ನೂ ಸವಕಲನ್ನೂ ಚಿತ್ರದಲ್ಲಿ ತೋರಿಸಬೇಕು, ಮಾತಿನಲ್ಲಿ ಬರೆಯಬೇಕು. ಒಳ್ಳೆಯ ಮಗ್ಗುಲನ್ನು ಮಾತ್ರ ತೋರಿಸಿದ ಚಿತ್ರವು ಮೇಲಿನ ಚೀಲದ ಒಣ ಕಾಳಿಗೆ ಸಮಾನ.

ಉಪಸಂಹಾರ

ಮೇಲೆ ಹೇಳಿದ ನಾಲ್ಕು ಮೂಲಗಳನ್ನು ಕೂಡಿಸಿ ನೋಡಿದರೆ ಉಳಿಯುವುದು ಒಂದೇ ಮಾತು: ತೋರಿಸಿದುದೂ ಕೊಟ್ಟುದೂ ಒಂದೇ ಆಗಿರಬೇಕು, ಹೇಳಿದ ಬೆಲೆಯೂ ಎಣಿಸಿದ ಹಣವೂ ಒಂದೇ ಆಗಿರಬೇಕು. ಶರಣರು ನುಡಿಗೂ ನಡೆಗೂ ನಡುವೆ ಅಂತರವಿರಬಾರದೆಂದು ಕಲಿಸಿದುದನ್ನು ಪೇಟೆಯ ಭಾಷೆಗೆ ತಂದರೆ, ಮಾದರಿಗೂ ರಾಶಿಗೂ ನಡುವೆ ಅಂತರವಿರಬಾರದೆಂದು ಆಗುವುದು. ಯಂತ್ರವು ಬೆಲೆಯನ್ನು ಬಚ್ಚಿಡದಂತೆ ನೋಡಿಕೊಂಡೀತು, ಕಾನೂನು ಸೋತವನಿಗೆ ದಾರಿ ತೋರಿಸೀತು. ಚೀಲದ ತಳವನ್ನು ತಾನಾಗಿ ಬಿಚ್ಚಿ ತೋರಿಸುವ ಕೆಲಸವನ್ನು ಮಾತ್ರ ಮಾರುವವನೇ ಮಾಡಬೇಕು. ತಳದವರೆಗೆ ನೋಡಿ, ನೋಡಿದ ಮೇಲೆ ಹಾಕಿದ ಬೆಲೆಗೆ ನಿಲ್ಲುವ ಕೆಲಸವನ್ನು ಕೊಳ್ಳುವವನೇ ಮಾಡಬೇಕು.

ಬರುವ ಸುಗ್ಗಿಯಲ್ಲಿ ಮಾಲು ಹೇರುವ ಮುನ್ನ ಪ್ರತಿ ಮನೆಯಲ್ಲಿಯೂ ಹಸಿ ಕಾಳು ಬೇರೆ, ಒಣ ಕಾಳು ಬೇರೆಯಾಗಲಿ. ಅಡತಿಯ ಕಟ್ಟೆಯ ಮೇಲೆ ಬಿಳಿ ಚೀಟಿಗೆ ಎಡೆ ಸಿಗದಿರಲಿ. ಇಷ್ಟು ನಡೆದರೆ ಅರ್ಧಕ್ಕಿಂತ ಹೆಚ್ಚಿನ ವ್ಯಾಜ್ಯಗಳು ಸಮಿತಿಯ ಮೆಟ್ಟಿಲು ಹತ್ತುವ ಮೊದಲೇ ತಾವಾಗಿ ತೀರುವುವು.